ಅಕ್ಕನ ಪುಡಿ, ನನ್ನ ಬೆರಳು

ನಮ್ಮ ಕಸುಬಿನಲ್ಲಿ ಬಳೆ ಒಡೆಯಿತು ಎಂದು ಯಾರೂ ಹೇಳುವುದಿಲ್ಲ. ಬಳೆ ಹೆಚ್ಚಿತು ಎನ್ನುತ್ತೇವೆ. ಮುತ್ತೈದೆಯ ಕೈಯ ವಸ್ತು, ಕೆಟ್ಟ ಮಾತು ಅದರ ಹತ್ತಿರ ಸುಳಿಯಬಾರದು. ಬಸವಕಲ್ಯಾಣದಲ್ಲಿ ಅವ್ವ ಬಳೆ ಪೋಣಿಸಿದ ಮಲಾರ ಹೆಗಲಿಗೆ ಹೊತ್ತು ಓಣಿ ಓಣಿ ತಿರುಗುವಾಗ ಅವಳ ಸೆರಗು ಹಿಡಿದು ನಡೆದವಳು ನಾನು. ಅಕ್ಷರಕ್ಕಿಂತ ಮೊದಲು ಈ ಮಾತು ಕಲಿತೆ. ಯಾವುದನ್ನು ಏನೆಂದು ಕರೆಯಬೇಕು ಅನ್ನುವುದರಲ್ಲಿ ನಾವು ಬಳೆಗಾರರು ಅಷ್ಟು ಹುಷಾರು. ಅಂಥವಳು ಒಂದೇ ಒಂದು ಮಾತಿನ ಲೆಕ್ಕ ತಪ್ಪಿ ಜೀವಕ್ಕೇ ಕುತ್ತು ತಂದುಕೊಂಡಿದ್ದೆ.

ನನ್ನ ಹೆಸರು ಶಾಂತಾಬಾಯಿ. ಹುಮನಾಬಾದಿನ ಮಗ್ಗುಲಲ್ಲೇ ಇರುವ ಮಾಣಿಕನಗರದಲ್ಲಿ ಬಳೆ ಅಂಗಡಿ ಇಟ್ಟು ಇಪ್ಪತ್ತಾರು ವರ್ಷವಾಯಿತು. ನನ್ನ ಬಾಯಿ ಜೋರು ಎಂದು ಊರಿಗೆಲ್ಲ ಗೊತ್ತು, ಕೈ ಮೆತ್ತಗೆ ಎಂದೂ ಗೊತ್ತು. ಗಾಜಿನ ಬಳೆ ಇಡಿಸುವುದು ಪೂರ್ತಿ ಬೆರಳಿನ ಕೆಲಸ. ಎದುರಿಗೆ ಕೂತವಳ ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಗಿಣ್ಣುಗಳನ್ನು ಒತ್ತಿ ಒಟ್ಟುಗೂಡಿಸಿ, ಬಳೆಯನ್ನು ತಿರುಗಿಸುತ್ತ ತಿರುಗಿಸುತ್ತ ಏರಿಸಬೇಕು. ಹೆದರಿ ಬಿಗಿ ಹಿಡಿದರೆ ಏರುವುದಿಲ್ಲ. "ಕೈ ಸಡಿಲ ಬಿಡವ್ವ, ನಾ ಅದೀನಿ" ಎಂದು ದಿನಕ್ಕೆ ಎಷ್ಟು ಸಲ ಹೇಳಿದ್ದೇನೋ. ನಮ್ಮೂರಿನ ಮಠಕ್ಕೆ ದರ್ಶನಕ್ಕೆ ಬಂದ ದೂರದೂರಿನ ಹೆಂಗಸರು ಕೂಡ ಒಮ್ಮೆ ಕೈ ಕೊಟ್ಟರೆ ಮುಂದಿನ ಸಲ ನನ್ನ ಅಂಗಡಿಯನ್ನೇ ಹುಡುಕಿಕೊಂಡು ಬರುತ್ತಿದ್ದರು.

ಒಂದು ಬೆಳಿಗ್ಗೆ ಬಲಗೈ ಮುಷ್ಟಿ ಆಗಲಿಲ್ಲ. ಬೆರಳುಗಳ ಬುಡ ಹೂರಣ ತುಂಬಿದ ಹೋಳಿಗೆಯಂತೆ ಉಬ್ಬಿತ್ತು. ಮಲಗಿದ್ದು ಸರಿಯಾಗಲಿಲ್ಲ ಎಂದುಕೊಂಡೆ. ಹದಿನೈದು ದಿನಕ್ಕೆ ಎಡಗೈಗೂ ಬಂತು. ಜೋಳದ ಹಿಟ್ಟು ನಾದಲು ಕೂತರೆ ಕಣ್ಣಲ್ಲಿ ನೀರು. ನನ್ನ ಯಜಮಾನರು ಕಾಶೀನಾಥ ಅವರು ಪಕ್ಕದ ಮಳಿಗೆಯಲ್ಲಿ ಮಿಕ್ಸಿ, ಸ್ಟವ್ ರಿಪೇರಿ ಮಾಡುತ್ತಾರೆ. ಒಂದು ದಿನ ಏನೂ ಕೇಳದೆ ಬಂದು ಪರಾತ ಎಳೆದುಕೊಂಡು ತಾವೇ ನಾದಿದರು. ಅವರು ಬಡಿದ ರೊಟ್ಟಿಗೆ ಇಂಥ ಆಕಾರ ಎಂದು ಹೇಳುವ ಹಾಗಿರಲಿಲ್ಲ. "ಹೊಟ್ಟಿಗಿ ಕಣ್ಣಿಲ್ಲ, ತಿನ್ನು" ಎಂದರು.

ಗಿರಾಕಿಗಳಿಂದ ಮಾತ್ರ ಎರಡು ತಿಂಗಳು ಮುಚ್ಚಿಟ್ಟೆ. ಒತ್ತುವ ಕೆಲಸ ಇರದ ದೊಡ್ಡ ಅಳತೆಯ ಬಳೆ, ಲೋಹದ ಬಳೆಗಳನ್ನೇ ಮುಂದೆ ಮಾಡಿ "ಈಗ ಇದೇ ನಡದದ ನೋಡವ್ವ" ಎನ್ನುತ್ತಿದ್ದೆ. ಆದರೆ ಮದುವೆ ಹುಡುಗಿಗೆ ಹಸಿರು ಗಾಜೇ ಆಗಬೇಕಲ್ಲ. ರಾಜೇಶ್ವರದಿಂದ ಬಂದ ಮದುಮಗಳೊಬ್ಬಳ ಗಿಣ್ಣು ಒತ್ತುವಾಗ ನನ್ನ ಬೆರಳಲ್ಲೇ ಶಕ್ತಿ ಜಾರಿತು. ಬಳೆ ಹೆಚ್ಚಿತು, ಚೂರು ಅವಳ ಕೈಗೆ ತಗಲಿ ರಕ್ತ ಬಂತು. ಅವಳ ಅತ್ತೆ ಎದ್ದು ಅವಳನ್ನು ಎದುರಿನ ಅಂಗಡಿಗೆ ಕರೆದುಕೊಂಡು ಹೋದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವತ್ತು ಖಾಲಿ ಡಬ್ಬಿಗಳ ಹಿಂದೆ ಕೂತು ಅತ್ತೆ.

ಹುಮನಾಬಾದಿನ ಒಂದು ಸಣ್ಣ ದವಾಖಾನೆಗೆ ಹದಿನೈದು ದಿನಕ್ಕೊಮ್ಮೆ ಹೊರಗಿನಿಂದ ಕೀಲಿನ ಡಾಕ್ಟರು ಬರುತ್ತಿದ್ದರು. ಎಕ್ಸ್‌ರೇಗೆ ಬಳೆ ತೆಗೆಯಬೇಕು ಎಂದರು. ನನ್ನ ಬಳೆ ಹೊರಬರಲಿಲ್ಲ. ಸಾವಿರಾರು ಹೆಂಗಸರಿಗೆ ಬಳೆ ಏರಿಸಿ ಇಳಿಸಿದವಳಿಗೆ ತನ್ನ ಬಳೆ ಇಳಿಸಲು ಬರಲಿಲ್ಲ. ಸಿಸ್ಟರ್ ಸೋಪು ಹಚ್ಚಿ ಪ್ರಯತ್ನಪಟ್ಟಳು, ನಾನು ಚೀರಿದೆ. ಕೊನೆಗೆ ಬಟ್ಟೆ ಸುತ್ತಿ ಒಂದೊಂದಾಗಿ ಹೆಚ್ಚಿಸಬೇಕಾಯಿತು. ಬರಿಗೈ ನೋಡಿಕೊಂಡು ಮಂಕಾಗಿ ಕೂತಿದ್ದೆ. ಆ ಹುಡುಗಿ, ನನಗೆ ಮಗಳಾಗುವ ವಯಸ್ಸಿನವಳು, ಗಾಯಕ್ಕೆ ಕಟ್ಟುವ ಬಿಳಿ ಪಟ್ಟಿಯನ್ನು ಸಣ್ಣಗೆ ಹರಿದು ಎರಡೂ ಮುಂಗೈಗೆ ಒಂದೊಂದು ಗಂಟು ಹಾಕಿದಳು. "ಕೈ ಖಾಲಿ ಇರಬಾರದಲ್ರಿ ಅಮ್ಮ. ಮನಿಗಿ ಹೋಗೂತನಕ ಇದೇ ಬಳಿ" ಎಂದಳು. ಅವಳಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆ ಪಟ್ಟಿಯನ್ನು ಇವತ್ತಿಗೂ ದೇವರ ಜಗಲಿಯ ಮೇಲೆ ಇಟ್ಟಿದ್ದೇನೆ.

ರಕ್ತ ಪರೀಕ್ಷೆ ಬಂದ ಮೇಲೆ ಡಾಕ್ಟರು ಹೇಳಿದರು, "ಇದಕ್ಕ ಆಮವಾತ ಅಂತಾರ್ರಿ. ನಿಮ್ಮ ಮೈ ತನ್ನ ಕೀಲಿನ ಜೋಡಿ ತಾನೇ ಜಗಳಕ್ಕ ಬಿದ್ದದ."

ಮೂಲೆಯಲ್ಲಿ ನಿಂತಿದ್ದ ಯಜಮಾನರು, "ಜಗಳದ ಸ್ವಭಾವ ಮೊದಲಿಂದ ಅದರಿ ಸಾಹೇಬ್ರ" ಎಂದರು. ಡಾಕ್ಟರು ನಕ್ಕರು. ನಾನು ಮನೆಗೆ ಬರುವತನಕ ಯಜಮಾನರೊಂದಿಗೆ ಮಾತಾಡಲಿಲ್ಲ.

ವಾರಕ್ಕೊಮ್ಮೆ ನುಂಗುವ ಗುಳಿಗೆ ಬರೆದರು. ಆಗಾಗ ರಕ್ತ ತೋರಿಸಬೇಕು, ಗುಣವಾಗಲು ತಿಂಗಳುಗಳೇ ಬೇಕು, ಧೈರ್ಯ ಬಿಡಬೇಡಿ ಎಂದರು. ಏಳುವ ಹೊತ್ತಿಗೆ, "ಬ್ಯಾರೆ ದವಾ ಏನರ ತಗೋಳಾಕತ್ತೀರೇನು?" ಎಂದು ಕೇಳಿದರು.

"ಇಲ್ರಿ" ಎಂದೆ. ಎದೆಯ ಮೇಲೆ ಕೈಯಿಟ್ಟು ಹೇಳುತ್ತೇನೆ, ನನ್ನ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

ನಾನು ತೆಗೆದುಕೊಳ್ಳುತ್ತಿದ್ದದ್ದು ಪುಡಿ. ಬಸವಕಲ್ಯಾಣದಲ್ಲಿರುವ ನನ್ನ ಅಕ್ಕ ಗಂಗಮ್ಮ ಮಾಡಿ ಕಳಿಸುತ್ತಿದ್ದಳು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅವ್ವ ಹೋದ ಮೇಲೆ ನನ್ನ ತಲೆ ಬಾಚಿದವಳು, ಮದುವೆ ಮಾಡಿದವಳು ಅವಳೇ. ನನ್ನ ಕೈ ಸುದ್ದಿ ಕೇಳಿದ ಮರುದಿನವೇ ಅರಿಶಿಣದ ಕೊಂಬು, ಒಣಶುಂಠಿ, ಮೆಣಸು, ಮೆಂತ್ಯ, ಅಜವಾನ ಹುರಿದು, ಯಾವುದೋ ಮರದ ಅಂಟನ್ನೂ ಹುಡುಕಿ ತಂದು, ಕಲ್ಲಿನಲ್ಲಿ ಕುಟ್ಟಿ, ಸೀರೆಯ ತುಂಡಿನಲ್ಲಿ ಸೋಸಿ ಡಬ್ಬಿ ತುಂಬಿ ಬಸ್ಸಿನಲ್ಲಿ ಕಳಿಸಿದ್ದಳು. ಗಿರಣಿಗೆ ಹಾಕಿದರೆ ಸತ್ವ ಸುಟ್ಟು ಹೋಗುತ್ತದಂತೆ. "ಮುಂಜಾನಿ ಒಂದು ಚಮಚ, ಸಂಜಿಗಿ ಒಂದು ಚಮಚ, ಬಿಸಿ ಹಾಲಿನಾಗ. ಅಡಗಿ ಮನಿ ಸಾಮಾನು ಇದು, ಇದರಿಂದ ಯಾರಿಗೂ ಕೇಡಾಗಿಲ್ಲ" ಎಂದು ಫೋನಿನಲ್ಲಿ ಹೇಳಿದಳು.

ಅದರ ಮೇಲೆ ಗಿರಾಕಿ ಹೆಂಗಸೊಬ್ಬಳು ತಂದುಕೊಟ್ಟ ಅರಿಶಿಣ ಸತ್ವದ ಮಾತ್ರೆ ಬೇರೆ. ಸೀಸೆಯ ಮೇಲೆ ಹಸಿರು ಎಲೆ, ಅರಿಶಿಣದ ಕೊಂಬು. "ಇದು ಗುಳಿಗಿ ಅಲ್ಲ ಕಾಕಿ, ನೈಸರ್ಗಿಕ. ಉರಿ, ಬಾವು ಎಲ್ಲಾ ಇಳಿತದ, ಅಡ್ಡ ಪರಿಣಾಮ ಇಲ್ಲ" ಎಂದಿದ್ದಳು. ಗುಳಿಗೆಯ ಹಾಗೇ ಇತ್ತು, ಗುಳಿಗೆಯ ಹಾಗೇ ನುಂಗುತ್ತಿದ್ದೆ, ಆದರೂ ಅದು ಗುಳಿಗೆ ಅಲ್ಲ ಎಂದು ಒಪ್ಪಿಕೊಂಡುಬಿಟ್ಟೆ. ಬಳೆ ಒಡೆದರೆ ಹೆಚ್ಚಿತು ಎನ್ನುವವಳಿಗೆ ಇದೇನು ದೊಡ್ಡದು.

ಮೊದಲ ಎರಡು ತಿಂಗಳಲ್ಲಿ ಬಾವು ಇಳಿಯಿತು. ಮುಷ್ಟಿ ಅರ್ಧ ಮುಚ್ಚುವಂತಾಯಿತು. ಆ ಪುಣ್ಯವನ್ನೆಲ್ಲ ಅಕ್ಕನ ಪುಡಿಯ ಹೆಸರಿಗೆ ಹಚ್ಚಿದೆ. ದವಾಖಾನೆಯ ಬೆಂಚಿನಲ್ಲಿ ನನ್ನದೇ ದರಬಾರು. ಅಲ್ಲಿ ಕೂತವರಿಗೆಲ್ಲ ಒಂದೇ ಮಾತು, ಒಬ್ಬರ ಗಿಣ್ಣು ಇನ್ನೊಬ್ಬರು ಮುಟ್ಟಿ ನೋಡುವುದು. ಒಬ್ಬಳು ಬೆಳ್ಳುಳ್ಳಿ ಹಾಲು ಎಂದರೆ ಇನ್ನೊಬ್ಬಳು ತಾಮ್ರದ ಉಂಗುರ ಎನ್ನುವಳು. ನಾನು ಸುಮ್ಮನಿರುವವಳೇ? "ಅದೆಲ್ಲ ಬಿಡ್ರಿ, ನಮ್ಮಕ್ಕನ ಪುಡಿ ನೋಡ್ರಿ" ಎಂದು ಪೊಟ್ಟಣ ಕಟ್ಟಿ ಒಯ್ದು ಹಂಚಿದೆ. ಚಿಟಗುಪ್ಪದ ರಹಮತಬಿ ಆಪಾ ಅವರಿಗೆ ಮೊಣಕಾಲಿನ ಬೇನೆ. ಅವರಿಗಂತೂ ಒಂದು ಡಬ್ಬಿಯನ್ನೇ ಕೊಟ್ಟೆ.

ಮೂರನೆಯ ತಿಂಗಳ ರಕ್ತದ ಚೀಟಿ ನೋಡಿ ಡಾಕ್ಟರು ಹುಬ್ಬು ಗಂಟಿಕ್ಕಿದರು. ಲಿವರ್ ದಣಿದಿದೆ ಎಂದರು. ಆಮೇಲೆ ಸಂಕೋಚದಿಂದಲೇ, "ತಪ್ಪು ತಿಳೀಬ್ಯಾಡ್ರಿ, ಕುಡಿಯೋ ಚಟ ಏನರ?" ಎಂದರು.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮಾಣಿಕನಗರದಾಗ ಬಂದು ಕೇಳ್ರಿ ನಾ ಎಂಥಾಕಿ ಅಂತ. ಚಾದಾಗ ಸಕ್ರಿ ಸುದ್ದಾ ಕಡಿಮಿ ಕುಡಿತೀನಿ" ಎಂದೆ. ಪಾಪ, ಅವರು ಎರಡು ಸಲ ಕ್ಷಮೆ ಕೇಳಿದರು. ವಾರದ ಗುಳಿಗೆಯೇ ಕಾರಣ ಇರಬಹುದೆಂದು ಅದನ್ನು ನಿಲ್ಲಿಸಿ ಕಳಿಸಿದರು.

ಎರಡು ವಾರದ ಮೇಲೆ ಅಕ್ಕನ ಫೋನು ಬಂತು. ಅವಳ ಮಗಳು ರೇಖಾ ಮೂರು ತಿಂಗಳ ಬಸುರಿ. "ಏಳನೇ ತಿಂಗಳಿಗಿ ಕುಬಸ ಇಟ್ಕೊಂಡೀವಿ. ಬಳಿ ನೀನೇ ಇಡಬೇಕು ಶಾಂತಾ. ನನ್ನ ಕುಬಸಕ್ಕ ಅವ್ವ ಇಟ್ಟಿದ್ಲು. ಬ್ಯಾರೆಯವರ ಕೈಯಾಗ ನನ್ನ ಮಗಳ ಕೈ ನಾ ಕೊಡಂಗಿಲ್ಲ."

ಹೂಂ ಎಂದುಬಿಟ್ಟೆ. ಗುಳಿಗೆ ನಿಂತ ಹತ್ತು ದಿನಕ್ಕೆ ಬಾವು ಮರಳಿ ಬಂದಿತ್ತು, ಫೋನನ್ನೇ ಎರಡು ಅಂಗೈ ನಡುವೆ ಹಿಡಿದಿದ್ದೆ. ಈ ಕೈಯಲ್ಲಿ ಕುಬಸದ ಬಳೆ, ಬಸುರಿಯ ಸೀಮಂತದ ಬಳೆಯೇ? ರಾಜೇಶ್ವರದ ಆ ಹುಡುಗಿಯ ರಕ್ತ ಕಣ್ಣ ಮುಂದೆ ಬಂತು. ಗುಳಿಗೆ ಹೋದರೆ ಹೋಯಿತು, ಪುಡಿ ಇದೆಯಲ್ಲ ಎಂದು ಒಂದು ಚಮಚವನ್ನು ಎರಡು ಮಾಡಿದೆ. ಸೀಸೆಯ ಮಾತ್ರೆಯನ್ನೂ ಎರಡರಷ್ಟು ಮಾಡಿದೆ. ನೈಸರ್ಗಿಕ ತಾನೇ.

ಮೂರು ವಾರದಲ್ಲಿ ಅನ್ನದ ವಾಸನೆ ಬಂದರೆ ಹೊಟ್ಟೆ ತೊಳೆಸತೊಡಗಿತು. ಮೈಯೆಲ್ಲ ತುರಿಕೆ. ಯಜಮಾನರು ಒಂದು ಮುಂಜಾನೆ ನನ್ನ ಮುಖವನ್ನು ಬಾಗಿಲ ಬೆಳಕಿಗೆ ತಿರುಗಿಸಿ ನೋಡಿದರು. ಚಪ್ಪಲಿ ಹಾಕಿಕೊಂಡು ಆಟೋ ಕರೆಯಲು ಹೊರಟರು. ಎಂದೂ ಓಡದ ಮನುಷ್ಯ ಅವತ್ತು ಓಡಿದ್ದನ್ನು ಕಂಡು ನನಗೆ ಹೆದರಿಕೆಯಾಯಿತು. ಕನ್ನಡಿಯಲ್ಲಿ ನೋಡಿಕೊಂಡರೆ ಕಣ್ಣು ಹಳದಿ.

ದವಾಖಾನೆಯಲ್ಲಿ ಅದೇ ಸಿಸ್ಟರ್ ರಕ್ತ ತೆಗೆಯಲು ಕೂತಳು. "ಕೈ ಸಡಿಲ ಬಿಡ್ರಿ ಅಮ್ಮ" ಎಂದಳು. ನನ್ನದೇ ಮಾತು ನನಗೇ ಕೇಳಿದಂತಾಯಿತು. ಅವಳು ನನ್ನ ಅಂಗೈ ತಿರುಗಿಸಿ ಬೆರಳು ನೋಡಿದಳು.

"ಕಣ್ಣು ಹಳದಿ ಆಗ್ಯಾವ, ಅದು ತಿಳೀತು. ಬೆರಳ ತುದಿ ಯಾಕ ಹಳದಿ ಆಗ್ಯಾವ್ರಿ?"

"ಅದು ಪುಡಿ ಕಲಿಸಿದ್ದವ್ವ. ನಮ್ಮಕ್ಕನ ಪುಡಿ."

"ದಿನಾ ತಗೋತೀರಿ?"

"ದಿನಕ್ಕ ನಾಕು ಚಮಚ."

ಸೂಜಿ ಕೆಳಗಿಟ್ಟು ಅವಳು ನೇರ ಡಾಕ್ಟರ ಕೋಣೆಗೆ ಹೋದಳು. ಆವತ್ತು ಅವರು ಬರುವ ದಿನ ಆಗಿದ್ದದ್ದು ನನ್ನ ಪುಣ್ಯ.

ಡಾಕ್ಟರು ಬಂದು ಬೆಂಚಿನಲ್ಲಿ ನನ್ನ ಪಕ್ಕದಲ್ಲೇ ಕೂತರು. "ಅಮ್ಮಾ, ಬ್ಯಾರೆ ದವಾ ಏನರ ತಗೋತೀರಿ ಅಂತ ನಾ ಪ್ರತಿ ಸಲ ಕೇಳಿದ್ದೆ."

"ನೀವು ದವಾ ಕೇಳಿದ್ರಿ ಸಾಹೇಬ್ರ. ಇದು ಪುಡಿ."

ಅವರು ಎರಡೂ ಕೈಯಿಂದ ಮುಖ ಒರೆಸಿಕೊಂಡರು. ಬೈಯುತ್ತಾರೆ ಎಂದುಕೊಂಡೆ. "ತಪ್ಪು ನಂದು. ನನಗ ಕೇಳಾಕ ಬರಲಿಲ್ಲ" ಎಂದರು. ಆಮೇಲೆ ನಾನು ಬೆಂಚಿನಲ್ಲಿ ಕೂತಾಗಲೆಲ್ಲ ಒಳಗಿನ ಮಾತು ಕೇಳಿಸಿಕೊಂಡಿದ್ದೇನೆ, ಈಗ ಅವರು ದವಾ ಎನ್ನುವುದಿಲ್ಲ. "ಮುಂಜಾನಿಯಿಂದ ಮಲಗೂತನಕ ಬಾಯಾಗ ಏನೇನು ಹಾಕೋತೀರಿ, ಎಲ್ಲಾ ಹೇಳ್ರಿ" ಎನ್ನುತ್ತಾರೆ. ಹೆಂಗಸರು ಎಲೆಯಡಿಕೆಯಿಂದ ಹಿಡಿದು ಹೇಳತೊಡಗುತ್ತಾರೆ. ನನ್ನ ಹಳದಿ ಬೆರಳಿನಿಂದ ಅಷ್ಟಾದರೂ ಉಪಯೋಗವಾಯಿತು.

ಸಂಜೆಯೊಳಗೆ ಎಲ್ಲವನ್ನೂ ಚೀಲದಲ್ಲಿ ತರಿಸಿ ಮೇಜಿನ ಮೇಲೆ ಸಾಲಾಗಿ ಇಟ್ಟರು. ಸೀಸೆಯ ಮೇಲಿನ ಸಣ್ಣ ಅಕ್ಷರ ಓದಿ ಅದನ್ನು ದೂರ ಸರಿಸಿದರು. ಒಂದು ಪಾತ್ರೆ ಸಾರಿಗೆ ಹಾಕುವ ಅರಿಶಿಣ ಬೇರೆ, ಹತ್ತಾರು ಪಾತ್ರೆ ಸಾರಿನ ಅರಿಶಿಣದ ಸತ್ವ ಹಿಂಡಿ ಮೆಣಸಿನ ಸತ್ವ ಕೂಡಿಸಿ ಮಾಡಿದ ಮಾತ್ರೆ ಬೇರೆ, ಕೆಲವರ ಲಿವರಿಗೆ ಅದು ಆಗಿಬರುವುದಿಲ್ಲ, ಜೊತೆಗೆ ವಾರದ ಗುಳಿಗೆಯೂ ಇತ್ತು ಎಂದರು. ಅಕ್ಕನ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. "ಘಮ ಛಲೋ ಅದ. ಆದರ ಇದೂ ಸದ್ಯ ಬ್ಯಾಡ. ಅರಾಮಾದ ಮ್ಯಾಲೆ ಅಡಗಿಯೊಳಗ ಹಾಕ್ರಿ, ಅಡಗಿಗಿ ಹಾಕೋವಷ್ಟೇ ಹಾಕ್ರಿ."

ರೋಗಕ್ಕಿಂತ ದೊಡ್ಡ ಸಂಕಟ ಆಮೇಲೆ ಶುರುವಾಯಿತು. ಅಕ್ಕನಿಗೆ ಹೇಳುವುದು ಹೇಗೆ? ಅರವತ್ತರ ಹೆಂಗಸು ನನಗಾಗಿ ಕಲ್ಲಿನಲ್ಲಿ ಕುಟ್ಟಿದ್ದಳು. ಮೂರು ದಿನ ಫೋನು ಮುಟ್ಟಲಿಲ್ಲ. ನಾಲ್ಕನೆಯ ದಿನ ಅವಳೇ ಮಾಡಿದಳು. "ಪುಡಿ ಮುಗದಿರಬೇಕು, ಮತ್ತ ಕುಟ್ಟಾಕತ್ತೀನಿ."

"ಅಕ್ಕ, ಪುಡಿ..." ಎಂದೆ. ಬಾಯಿಗೆ ಬಂದದ್ದು ಅವ್ವ ಕಲಿಸಿದ ಮಾತು. "ಪುಡಿ ಹೆಚ್ಚಿತು ಅಕ್ಕ."

ಅವಳೂ ಬಳೆಗಾರರ ಮಗಳೇ. ಆ ಕಡೆ ಕುಟ್ಟುವ ಸದ್ದು ನಿಂತಿತು. "ನಿನಗೇನಾಗೇದ, ಅದನ್ನ ಹೇಳು ಮೊದಲ" ಎಂದಳು. ಎಲ್ಲ ಹೇಳಿದೆ. ಅವಳು ಅತ್ತಳು, ನಾನೇ ನಿನಗೆ ಕೇಡು ಮಾಡಿದೆ ಎಂದಳು. ನಿನ್ನ ಪುಡಿಯಲ್ಲ, ನನ್ನ ದುರಾಸೆ ಮತ್ತು ಆ ಸೀಸೆ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಮರುದಿನ ಬಸ್ಸು ಹತ್ತಿ ಬಂದು ಹನ್ನೆರಡು ದಿನ ನನ್ನ ಮನೆಯಲ್ಲಿದ್ದು, ಗಂಜಿ, ಮಜ್ಜಿಗೆ ಅನ್ನ ತಾನೇ ಕಲಸಿ ಬಾಯಿಗೆ ಇಟ್ಟಳು. ಸಣ್ಣವಳಿದ್ದಾಗಿನಂತೆ ತಲೆಯನ್ನೂ ಬಾಚಿದಳು. ಡಬ್ಬಿ ಅಲ್ಲೇ ಕಪಾಟಿನಲ್ಲಿತ್ತು, ಇಬ್ಬರೂ ಅದರ ಕಡೆ ನೋಡಲಿಲ್ಲ.

ಇನ್ನು ಉಳಿದದ್ದು ನಾನು ಹಂಚಿದ ಪೊಟ್ಟಣಗಳು. ಮುಂದಿನ ಸಲ ಡಾಕ್ಟರು ಬರುವ ದಿನ ಬಾಗಿಲಲ್ಲೇ ಕೂತು ಒಬ್ಬೊಬ್ಬರನ್ನೂ ಹಿಡಿದು ಹೇಳಿದೆ. ರಹಮತಬಿ ಆಪಾ ಬಂದಾಗ ಎದ್ದು ಹೋಗಿ ಕೈ ಹಿಡಿದುಕೊಂಡೆ. ಅವರಿಗೆ ಹೋದದ್ದು ಒಂದು ಡಬ್ಬಿ.

"ಆಪಾ, ಆ ಪುಡಿ ತಗೊಂಡ್ರೇನು?"

ಅವರು ತಲೆ ತಗ್ಗಿಸಿದರು. "ಸಿಟ್ಟಾಗಬ್ಯಾಡ ಶಾಂತಾಬಾಯಿ. ಹಾಲಿನಾಗ ಕುಡಿಯಾಕ ಆಗಲಿಲ್ಲ, ಭಾಳ ಖಾರ. ಕೆಡಸಬಾರದು ಅಂತ ದಿನಾ ಚಿಟಿಕಿ ಸಾರಿನಾಗ, ಸಾಲನ್‌ದಾಗ ಹಾಕಿದೆ. ಮನಿಯವರೆಲ್ಲಾ ಛಲೋ ಆಗೇದ ಅಂದ್ರು."

ನಾನು ಅವರ ಭುಜಕ್ಕೆ ತಲೆ ಇಟ್ಟು ನಕ್ಕೆ. ಡಾಕ್ಟರು ಹೇಳಿದ್ದನ್ನು ಆಪಾ ಕೇಳದೆಯೇ ಮಾಡಿದ್ದರು.

ಕಣ್ಣಿನ ಹಳದಿ ಇಳಿಯಲು ವಾರಗಳೇ ಹಿಡಿದವು. ಆ ದಿನಗಳಲ್ಲಿ ನೋವಿಗೆ ಹೆಚ್ಚಿನ ಮದ್ದು ಕೊಡುವ ಹಾಗೂ ಇರಲಿಲ್ಲ. ಬಿಸಿನೀರಿನಲ್ಲಿ ಕೈ ಇಳಿಬಿಟ್ಟು ಕೂರುತ್ತಿದ್ದೆ, ಯಜಮಾನರು ನೀರು ಆರಿದಂತೆಲ್ಲ ಬದಲಿಸುತ್ತಿದ್ದರು. ಒಮ್ಮೆ ಕೇಳಿದೆ, "ಈ ಕೈ ಹಿಂಗೇ ಉಳದರ?" ಅವರು ಮಿಕ್ಸಿಯ ತಿರುಪು ಕಚ್ಚಿಕೊಂಡ ಬಾಯಲ್ಲೇ, "ನನ್ನ ಕೈ ಎರಡು ಅದಾವಲ್ಲ" ಎಂದರು. ಮದುವೆಯಾದ ಮೇಲೆ ಆ ಮನುಷ್ಯ ಆಡಿದ ಅತಿ ಉದ್ದದ ಪ್ರೀತಿಯ ಮಾತು ಅದು. ಲಿವರು ಸುಧಾರಿಸಿದ ಮೇಲೆ ವಾರದ ಗುಳಿಗೆಯನ್ನು ಸಣ್ಣ ಪ್ರಮಾಣದಿಂದ ಮತ್ತೆ ಕೊಟ್ಟರು. ಬೆರಳು ನಿಧಾನಕ್ಕೆ ಬಗ್ಗತೊಡಗಿದವು. ಪೂರ್ತಿ ಅಲ್ಲ. ಬಲಗೈಯ ನಡುಬೆರಳು ಇವತ್ತಿಗೂ ಹಟ ಮಾಡುತ್ತದೆ.

ಕುಬಸದ ದಿನ ರಾಜೇಶ್ವರ ದಾಟಿ ಬಸವಕಲ್ಯಾಣ ಬರುವತನಕ ಬಸ್ಸಿನಲ್ಲಿ ಬೆರಳು ಮಡಿಸುತ್ತ ಬಿಚ್ಚುತ್ತ ಕೂತಿದ್ದೆ. ಮಡಿಲಲ್ಲಿ ಹಸಿರು ಬಳೆಯ ಪೆಟ್ಟಿಗೆ. ರೇಖಾ ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದಳು, ಸುತ್ತ ಓಣಿಯ ಹೆಂಗಸರು. ಮೊದಲನೆಯ ಬಳೆ ಗಿಣ್ಣು ದಾಟಿ ಏರಿತು. ಎರಡನೆಯದೂ ಏರಿತು. ಮೂರನೆಯದಕ್ಕೆ ನಡುಬೆರಳು ಸೆಟೆದುಕೊಂಡಿತು, ಬಳೆ ಕಟ್ ಎಂದಿತು.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸುರಿಯ ಕೈಯಲ್ಲಿ, ಶುಭದ ಹೊತ್ತಿನಲ್ಲಿ. ನಾನು ರೇಖಾಳ ಕೈಯನ್ನೇ ನೋಡಿದೆ, ಗೀರಿರಲಿಲ್ಲ. ಆದರೂ ಎದ್ದುಬಿಡೋಣ, ಬೇರೆ ಯಾರನ್ನಾದರೂ ಕರೆಸಲಿ ಎನಿಸಿತು. ಆಗ ಅಕ್ಕ ಬಂದು ನನ್ನ ಮಗ್ಗುಲಲ್ಲೇ ಕೂತಳು. ಚೂರುಗಳನ್ನು ಸೆರಗಿಗೆ ಹಾಕಿಕೊಂಡಳು.

"ಹೆಚ್ಚಿತು, ಅಷ್ಟ" ಎಂದಳು ಎಲ್ಲರಿಗೂ ಕೇಳುವ ಹಾಗೆ. ಮಗಳ ಗಿಣ್ಣುಗಳನ್ನು ಅವ್ವ ಒತ್ತುತ್ತಿದ್ದಂತೆಯೇ ತಾನು ಒತ್ತಿ ಹಿಡಿದು ನನ್ನ ಕಡೆ ತಿರುಗಿದಳು. ಕಲ್ಲಿನಲ್ಲಿ ಪುಡಿ ಕುಟ್ಟಿ ಕುಟ್ಟಿ ಗಟ್ಟಿಯಾದ ಕೈ ಅದು.

"ನಾ ಹಿಡದೀನಿ. ನೀ ಕೈ ಸಡಿಲ ಬಿಡು ಶಾಂತಾ."

ಸಡಿಲ ಬಿಟ್ಟೆ. ಉಳಿದ ಬಳೆಗಳೆಲ್ಲ ಏರಿದವು. ಕೊನೆಗೆ ಎಡಗೈಗೆ ಪದ್ಧತಿಯಂತೆ ಒಂದು ಬಳೆ ಹೆಚ್ಚಿಗೆ ಇಡಬೇಕು. ಅದಕ್ಕೂ ಅಕ್ಕ ಗಿಣ್ಣು ಹಿಡಿಯಲು ಬಂದಾಗ ಬೇಡ ಎಂದು ಅದನ್ನು ಮಾತ್ರ ಒಬ್ಬಳೇ ಇಟ್ಟೆ.